ನೀರಿನ ಬಟ್ಟಲು

ಇರುವೆಗಳು ಇವತ್ತೂ ಬಂದಿವೆ, ಪಡಸಾಲೆಯಲ್ಲಿ ರೇಷ್ಮೆಹುಳದ ತಟ್ಟೆ ಜೋಡಿಸಿದ ಸ್ಟ್ಯಾಂಡಿನ ಕಾಲಿಗಿಟ್ಟ ನೀರಿನ ಬಟ್ಟಲಿನ ಸುತ್ತ, ಅಂಚಿನವರೆಗೆ ಬಂದು ನಿಲ್ಲುತ್ತವೆ, ತಿರುಗುತ್ತವೆ, ಮತ್ತೆ ಬರುತ್ತವೆ — ನೀರಿದ್ರೆ ಹುಳಕ್ಕೆ ಭಯ ಇಲ್ಲ, ಬಿ.ಎ. ಓದಿದೋಳಿಗೆ ಇಷ್ಟೂ ಗೊತ್ತಿಲ್ವೇನೇ ಅಂತ ಅತ್ತೆ ಗಂಗುಲಮ್ಮ ನಕ್ಕಿದ್ದರು, ನಾನು ಮೇಲೂರಿನ ಈ ಮನೆಗೆ ಸೊಸೆಯಾಗಿ ಬಂದ ವಾರ. ಬಚ್ಚಲಿಗೆ ಬರುವ ಇರುವೆಗಳಿಗೆ ಬಟ್ಟಲು ಎಲ್ಲಿಡಲಿ, ಮಗಳು ಆಂಜಿನಿ ಹೋಗಿ ಬಂದ ಜಾಗಕ್ಕೇ ಸಾಲುಗಟ್ಟುತ್ತವೆ, ಒಂದು ತಿಂಗಳಿಂದ ಅತ್ತೆ ಏಳುವ ಮೊದಲೇ ನೀರು ಸುರಿದು ತೊಳೆಯುತ್ತಿದ್ದೇನೆ, ಕೊಡಗಟ್ಟಲೆ ನೀರು ಕುಡಿಯುತ್ತಾಳೆ, ಕುಪ್ಪಸ ಸಡಿಲವಾಗಿದೆ, ನನ್ನಪ್ಪ ಕೂತಲ್ಲಿಗೂ ಹೀಗೇ ಬರುತ್ತಿದ್ದವು, ಕಾಲು ಕಪ್ಪಾಗಿ ಅಪ್ಪ ಸತ್ತಾಗ ನಲವತ್ತೊಂದು, ಅಜ್ಜನಿಗೆ ಅಷ್ಟೂ ಆಗಿರಲಿಲ್ಲ. ಎಂಬತ್ತೆರಡನೇ ಇಸವಿಯಲ್ಲಿ ತವರಿಗೆಂದು ಹೋಗಿ ಅಣ್ಣ ಕೋನಪ್ಪನ ಜೊತೆ ಚಿಂತಾಮಣಿಯ ಡಾಕ್ಟರ ಎದುರು ಕೂತೆ, ಅವರು ಚೀಟಿಯ ಹಿಂದೆ ಅಜ್ಜ, ಅಪ್ಪ, ನಾವಿಬ್ಬರು ಎಂದು ಬರೆದು ಪ್ರತಿ ಹೆಸರಿಗೂ ಒಂದು ಕಪ್ಪು ಚುಕ್ಕೆ ಇಟ್ಟರು, ಎಲ್ಲರೂ ಸಣಕಲು, ಎಲ್ಲರಿಗೂ ಮೂವತ್ತರೊಳಗೇ ಸಕ್ಕರೆ ಕಾಯಿಲೆ, ಇದು ವಂಶದಲ್ಲಿ ಇಳಿದು ಬರೋದು ಕಣಮ್ಮ, ಸೂಜಿ ಬೇಡ, ಇಂಥೋರಿಗೆ ಅರ್ಧ ಮಾತ್ರೆಯೇ ಜಾಸ್ತಿ ಹಿಡಿಯುತ್ತೆ, ನಾಳೆ ಮಕ್ಕಳನ್ನೂ ಕರ್ಕೊಂಡು ಬಾ, ಮಾತ್ರೆ ನುಂಗಿ ಹಸ್ಕೊಂಡು ಮಾತ್ರ ಇರಬೇಡ, ಸಕ್ಕರೆ ತೀರಾ ಇಳಿದು ಬಿದ್ದುಬಿಡ್ತೀಯ, ತಿಳೀತಾ.

ತಿಳಿಯಿತು. ಹತ್ತು ವರ್ಷದಿಂದ ನನ್ನ ಮಾತ್ರೆ ಸಾಸಿವೆ ಡಬ್ಬಿಯ ತಳದಲ್ಲಿದೆ, ಗಂಡನಿಗೂ ಗೊತ್ತಿಲ್ಲ, ಮಗಳನ್ನು ಕರೆದೊಯ್ದರೆ ಯಾಕೆ ಎನ್ನುತ್ತಾರೆ, ಯಾರಿಂದ ಬಂತು ಎನ್ನುತ್ತಾರೆ — ಅದಕ್ಕೇ ಬೆಳಿಗ್ಗೆ ನನ್ನ ಮಾತ್ರೆಯಲ್ಲೇ ಅರ್ಧ ಮುರಿದು, ಪುಡಿ ಮಾಡಿ, ಅವಳ ಕಾಫಿಗೆ ಬೆರೆಸಿದೆ, ಹಿಂದೆಯೇ ರೊಟ್ಟಿ ಕೊಟ್ಟರಾಯಿತೆಂದು ಒಲೆಯ ಮೇಲೆ ಹೆಂಚಿಟ್ಟೆ. ಅಷ್ಟರಲ್ಲಿ ಅತ್ತೆ, ಹುಳ ಪೊರೆ ಬಿಡೋ ನಾಲ್ಕನೇ ಜ್ವರದಿಂದ ಎದ್ದು ಬಾಯ್ ಬಿಡ್ತಾವೆ, ಅವು ತಿನ್ನೋಕ್ ಮುಂಚೆ ನಾವು ತಿಂದ್ರೆ ಬೆಳೆ ಕೈಗೆ ಬರ್ತದಾ, ರಾವೇ ಅಮ್ಮಣ್ಣಿ, ಬಾ ತೋಟಕ್ಕೆ, ಎಂದು ಆಂಜಿನಿಗೆ ಬುಟ್ಟಿ ಕೊಟ್ಟು ಕರೆದುಕೊಂಡು ಹೊರಟರು, ಈ ಮನೆಯ ಪದ್ಧತಿ, ಹದಿನೇಳು ವರ್ಷ ನಾನೂ ಹಸಿದೇ ಹಿಪ್ಪುನೇರಳೆ ಸೊಪ್ಪು ಕೊಯ್ದಿದ್ದೇನೆ, ಹುಳಕ್ಕೆ ಸೊಪ್ಪು ಹಾಕಿ ಊಟದ ತಟ್ಟೆ ಮುಂದೆ ಕೂತಮೇಲೇ ಮಾತ್ರೆ ನುಂಗಿದ್ದೇನೆ, ಅದು ಇವತ್ತೇ ಮರೆತುಹೋಯಿತೇ, ತಿಂದು ಹೋಗಲಿ ಅತ್ತೆ ಎಂಬ ಮೂರು ಪದಕ್ಕೆ ನಾಲಿಗೆ ಏಳಲಿಲ್ಲ, ಅಂದಿದ್ದರೆ ಯಾಕೇ ಅನ್ನುತ್ತಿದ್ದರು. ಹೆಂಚು ಕಾದು ಕಾದು ಆರಿದೆ. ತಟ್ಟೆಗಳಲ್ಲಿ ಸದ್ದಿಲ್ಲ, ಹಸಿದ ಹುಳಗಳು ತಲೆಯೆತ್ತಿ ಸುಮ್ಮನೆ ಕಾಯುತ್ತಿವೆ, ಎಷ್ಟು ಹೊತ್ತಾಯಿತು, ಎರಡು ಗಂಟೆ — ಲೇ, ಅತ್ತೆ ಅಂಗಳದಿಂದಲೇ ಕೂಗಿದರು, ಹುಡುಗಿ ಬದುವಿನ ಮೇಲೆ ಕುಸಿದು ಕೂತವಳೆ ಕಣೇ, ಮೈಯೆಲ್ಲ ಬೆವರು, ಮಾತಾಡಿಸಿದ್ರೆ ಏನೇನೋ ಅಂತಾಳೆ, ಗಾಳಿ ಸೋಕಿದೆ, ಬೂದಿ ತಗೊಂಡ್ ಬಾ — ಬೂದಿಯಲ್ಲ, ಸಕ್ಕರೆ, ಅಡುಗೆಮನೆಗೆ ಓಡಿದೆ, ಸಕ್ಕರೆ ಡಬ್ಬಿ ಸಿಕ್ಕಿತು, ತಿರುಗಿದರೆ ಪಡಸಾಲೆಯ ಬಾಗಿಲು ತುಂಬ ಅತ್ತೆ, ಸಕ್ಕರೆ ಯಾಕೇ, ಏನ್ ಕೊಟ್ಟೆ ಮಗೀಗೆ, ಅವರ ಕಣ್ಣು ಡಬ್ಬಿಯ ಮೇಲೆ, ಹೇಳಬೇಕು, ಹೇಳಿದರೆ ಸಾಸಿವೆ ಡಬ್ಬಿ, ಅಪ್ಪನ ಕಾಲು, ಐದನೆಯ ಕಪ್ಪು ಚುಕ್ಕೆ, ಹೇಳದೆ ಅವರನ್ನು ತಳ್ಳಿ ಓಡಬೇಕು, ಓಡು, ಅವರ ಕಾಲ ಬಳಿ ಆ ನೀರಿನ ಬಟ್ಟಲು, ನೀರಿನ ಮೇಲೆ ಯಾವಾಗಲೋ ಬಿದ್ದ ಸೊಪ್ಪಿನ ತೊಟ್ಟು, ಅಂಚಿನಿಂದ ಸ್ಟ್ಯಾಂಡಿನ ಕಾಲಿಗೆ ಸೇತುವೆ, ಒಂದು ಇರುವೆ ಅದನ್ನು ಹತ್ತಿದೆ, ನಿಂತಿದೆ, ದಾಟುತ್ತಿದೆ