ತಂಗಿಯ ದನಿಗೆ ಬೆಳಗಿದ ಮೆದುಳು

ಗುರುತಿನವರ ದನಿ ಕೇಳಿದಾಗ ಮೆದುಳು ಏನು ಮಾಡುತ್ತದೆ ಎಂಬುದು ಆ ಪ್ರಯೋಗಾಲಯದ ಪ್ರಶ್ನೆ. ಸ್ಕ್ಯಾನರ್ ನಡೆಸುವವಳು ಇವಳು. ಜನ ಸಾಲದೆ ಗಂಡನನ್ನೇ ಗೋಗರೆದು ಕರೆತಂದು ಕೊಳವೆಯೊಳಗೆ ಮಲಗಿಸಿದ್ದಳು. ಹೆಂಡತಿಯ ದನಿ ಬೇಕಿತ್ತು, ತನ್ನದನ್ನು ಕೊಟ್ಟಳು. ಆಗೀಗ ಕೇಳುವ ದನಿಯೊಂದು ಬೇಕಿತ್ತು, ತಂಗಿಯದನ್ನು ತಂದಳು. ಇಬ್ಬರದೂ ಒಂದೇ ಮಾತು: "ಬಂದ್ರಾ? ಒಳಗೆ ಬನ್ನಿ." ತಲೆನೋವನ್ನು ಕೈಯಾರೆ ತಂದುಕೊಳ್ಳುವುದೆಂದರೆ ಇದೇ.

ತಮ್ಮ ಮನೆಯವರ ಮೆದುಳಿನ ಚಿತ್ರಗಳನ್ನು ತಾವೇ ತೆರೆಯಬಾರದೆಂಬುದು ಅಲ್ಲಿನ ಕಟ್ಟಳೆ. ಮರುದಿನ ಎಲ್ಲರೂ ಊಟಕ್ಕೆ ಎದ್ದಾಗ ಇವಳು ತೆರೆದೇಬಿಟ್ಟಳು. ತನ್ನ ದನಿಗೆ ಗಂಡನ ಮೆದುಳು ಆರಿದ ಒಲೆಯ ಹಾಗೆ ತೆಪ್ಪಗಿತ್ತು. ತಂಗಿಯ ದನಿಗೆ ಮಾತ್ರ ಹಳದಿ, ಕಿತ್ತಳೆ, ಕೆಂಪು!

ಹೊಟ್ಟೆಗೆ ಬೆಂಕಿ ಬಿತ್ತು. ಬಣ್ಣ ಕಂಡಲ್ಲೆಲ್ಲ ಪ್ರೀತಿ ಇದೆ ಅಂದುಕೊಳ್ಳಬೇಡಿ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದವಳು ಇವಳೇ. ಆ ಪಾಠ ಈಗ ಎಲ್ಲಿ ಹಾಳಾಗಿ ಹೋಯಿತೋ! ಕಳೆದ ಸಲ ತಂಗಿ ಬಂದಾಗ ಅವನು ಹೊಸ ಅಂಗಿ ತೊಟ್ಟಿದ್ದು, ಅವಳ ಸಪ್ಪೆ ಜೋಕಿಗೂ ಬಿದ್ದು ಬಿದ್ದು ನಕ್ಕಿದ್ದು, ಎಲ್ಲವೂ ಸಾಕ್ಷಿ ಹೇಳಲು ಎದ್ದು ನಿಂತವು.

ಸಂಜೆ ಮನೆಯಲ್ಲಿ ತಡೆಯಲಾಗದೆ ಕೇಳಿದಳು. "ಅಲ್ಲಿ ನನ್ನ ದನಿ ಕೇಳಿದಾಗ ಏನನ್ನಿಸ್ತು?"

"ಏನೂ ಅನ್ನಿಸ್ಲಿಲ್ಲ ಕಣೇ. ನಿದ್ದೆ ಬಂದ ಹಾಗಾಯ್ತು."

"ಅವಳದು ಕೇಳಿದಾಗ?"

"ಬೆಚ್ಚಿಬಿದ್ದೆ. ನಾದಿನಿ ಇಲ್ಲಿಗ್ಯಾಕೆ ಬಂದ್ಲಪ್ಪಾ ಅಂತ!"

ಅಲ್ಲಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಪ್ರಯೋಗದಲ್ಲಿ ಹೆಂಡತಿಯರ ಸರದಿ ಬಂದಾಗ ತಾನೇ ಮುಂದಾಗಿ ಮಲಗಿದಳು. ಕಿವಿಯಲ್ಲಿ ಗಂಡನ ದನಿ: "ಬಂದ್ಯಾ? ಒಳಗೆ ಬಾ." ಪ್ರತಿ ಸಲವೂ ಇವಳಿಗೆ ಒಂದೇ ಯೋಚನೆ, ಇದನ್ನೇ ತಂಗಿಗೆ ಹೇಳುವಾಗ ಇನ್ನೂ ಮೆತ್ತಗೆ ಹೇಳುತ್ತಾನಾ?

ಕರೆದೊಯ್ಯಲು ಬಂದಿದ್ದ ಗಂಡನನ್ನು ಹಿರಿಯ ಡಾಕ್ಟರು ಪರದೆಯ ಮುಂದೆ ನಿಲ್ಲಿಸಿಕೊಂಡರು. ಅಲ್ಲಿ ಇವಳ ಮೆದುಳು ಧಗಧಗ ಉರಿಯುತ್ತಿತ್ತು. "ಇಷ್ಟು ವರ್ಷ ಆದ್ಮೇಲೂ ನಿಮ್ಮ ದನಿಗೆ ಹೀಗೆ ಅರಳ್ತಾರಲ್ಲ, ಪುಣ್ಯವಂತರು ಕಣ್ರೀ ನೀವು!" ಎಂದು ನಕ್ಕರು.

ಅವನ ಮುಖ ಊರಗಲವಾಯಿತು. ಎಂದೂ ಇಲ್ಲದವನು ಎಲ್ಲರೆದುರೇ ಇವಳ ಕೈ ಹಿಡಿದುಕೊಂಡ. ಪರದೆಯಲ್ಲಿ ಉರಿಯುತ್ತಿದ್ದುದು ಪ್ರೀತಿಯಲ್ಲ, ಬರೀ ಹೊಟ್ಟೆಕಿಚ್ಚು ಎಂದು ಇವಳಿಗೊಬ್ಬಳಿಗೇ ಗೊತ್ತು. ಹೇಳಲು ಬಾಯಿ ಬರಲಿಲ್ಲ, ಕೈ ಬಿಡಿಸಿಕೊಳ್ಳಲು ಮನಸ್ಸೂ ಬರಲಿಲ್ಲ.

"ಈ ಪರದೆಯದೊಂದು ಫೋಟೋ ತಗೊಳ್ಳೇ," ಎಂದ ಅವನು, ಕಣ್ಣು ತುಂಬಿಕೊಂಡು. "ನಿನ್ನ ತಂಗಿಗೂ ತೋರಿಸ್ಬೇಕು."