ಕೈನಾಡಿಯ ಎಣಿಕೆ

ಚಿಕ್ಕಬೀರಮ್ಮ ಹಳೆಯ ಪಂಚೆಯ ಅಂಚನ್ನು ಉದ್ದಕ್ಕೆ ಸೀಳಿ, ಮಾವ ಲಿಂಗಯ್ಯನ ಎರಡೂ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟುತ್ತಿದ್ದಳು. ಕಾಲು ಬಾತುಕೊಂಡಿದ್ದವು. ಪಟ್ಟಿ ಸಾಲಲಿಲ್ಲ. ಇನ್ನೊಂದು ಸೀಳಿದಳು.

ಹೊರಗೆ ಗಂಡಸರು ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದರು.

"ನಲವತ್ತು ವರ್ಷ ಕೆರೆ ತೂಬು ಕಾದ ಕಣ್ರವ್ವ ಲಿಂಗಣ್ಣ," ಎಂದಳು ಪಕ್ಕದ ಮನೆಯ ಮಲ್ಲಾಜಮ್ಮ. "ನಮ್ ಗದ್ದೆಗೆ ಒಂದ್ ಗಳಿಗೆ ಜಾಸ್ತಿ ನೀರು ಬುಡಣ್ಣ ಅಂದ್ರೆ, ನಿನ್ ಗಂಡನ್ನೇ ತೂಬಿನೊಳಕ್ಕೆ ತುರುಕ್ತೀನಿ ಅಂದಿದ್ದ!"

ಅಳುತ್ತಿದ್ದ ಅತ್ತೆ ಕೆಂಪಾಜಮ್ಮನಿಗೂ ನಗು ಬಂತು. ಮೂಗು ಒರೆಸಿಕೊಂಡು ಸೊಸೆಯ ಕಡೆ ತಿರುಗಿದಳು. "ನಂಗೆ ಇಪ್ಪತ್ತರ ಮ್ಯಾಲೆ ಲೆಕ್ಕ ಬರಾಕಿಲ್ಲ. ಈ ಕೂಸು ಮೂರನೇ ಕ್ಲಾಸು ಓದಿದ್ದು ಸಾರ್ಥಕ ಆಯ್ತು. ದಿನಾ ನಾಡಿ ಎಣಿಸಿ, ಎಪ್ಪತ್ತೈತೆ ಅತ್ತೆ ಅನ್ನೋಳು. ನನ್ ಜೀವಕ್ಕೆ ಧೈರ್ಯ ಬರೋದು."

ಚಿಕ್ಕಬೀರಮ್ಮ ಎರಡನೆಯ ಪಟ್ಟಿಯ ಗಂಟು ಬಿಗಿದಳು.

*

ಯುಗಾದಿ ಕಳೆದ ಮೇಲೆ ಹುಣಸೂರಿನ ಡಾಕ್ಟರು ಮಾವನನ್ನು ನೋಡಲು ಜಟಕಾದಲ್ಲಿ ಬಂದಿದ್ದರು. ಗಂಡ ಚಿಕ್ಕಮಾದು ಮರ ಸಾಗಿಸಲು ಗಾಡಿ ಹೊಡೆದುಕೊಂಡು ಕಾಕನಕೋಟೆಯ ಕಾಡಿಗೆ ಹೋಗಿದ್ದ. ಅತ್ತೆ ಒಲೆಯ ಮುಂದಿದ್ದಳು. ಡಾಕ್ಟರ ಮಾತು ಬಿದ್ದದ್ದು ಸೊಸೆಯ ಕಿವಿಗೆ ಮಾತ್ರ.

"ಗುಂಡಿಗೆಯ ಮೇಲಿನ ಎರಡು ಗೂಡು ಹಿಗ್ಗಿ ನಾರುಗಟ್ಟಿವೆಯಮ್ಮ. ಬಡಿಯೋ ಬದಲು ಸುಮ್ಮನೆ ಅದುರ್ತವೆ. ಕೆಳಗಿನವು ತಾಳ ತಪ್ಪಿ ಓಡ್ತವೆ. ಆ ಬಡಿತವೆಲ್ಲ ಕೈನಾಡಿಗೆ ಇಳಿಯೋದಿಲ್ಲ. ಎದೆಗೇ ಕಿವಿ ಇಟ್ಟು ಎಣಿಸಬೇಕು. ನೂರು ದಾಟಿದರೆ ಅವತ್ತೇ ಹೇಳಿಕಳಿಸಿ, ಔಷಧಿ ಹೆಚ್ಚಿಸ್ತೀನಿ." ಒಂದು ನಿಮಿಷಕ್ಕೆ ಬರಿದಾಗುವ ಮರಳಿನ ಗಾಜೊಂದನ್ನು ಕೊಟ್ಟುಹೋದರು.

ಮರುದಿನ ಬೆಳಿಗ್ಗೆ ಅವಳು ಕಿವಿ ಇಡಲು ಬಗ್ಗಿದಳು. ಸೆರಗು ಮಾವನ ಎದೆಗೆ ತಾಗಿತು. ಮದುವೆಯಾಗಿ ಎರಡು ವರ್ಷವಾದರೂ ಆ ಮುಖವನ್ನು ನೆಟ್ಟಗೆ ನೋಡಿದವಳಲ್ಲ. ಲಿಂಗಯ್ಯನೂ ನಾಚಿ ಗೋಡೆಯ ಕಡೆ ತಿರುಗಿ, ಕೈ ಚಾಚಿದ. "ಇದ್ರಲ್ಲೇ ನೋಡವ್ವ, ಸಾಕು."

ಅಂದಿನಿಂದ ಕೈಯಲ್ಲೇ ಎಣಿಸಿದಳು. ಎಪ್ಪತ್ತು, ಎಪ್ಪತ್ತೆರಡು. ಒಂದೊಂದು ಸಲ ನಾಡಿ ಬೆರಳಿಗೆ ಸಿಕ್ಕದೆ ಜಾರುತ್ತಿತ್ತು. ಎದೆಯೊಳಗೆ ಅದೆಷ್ಟು ಓಡುತ್ತಿತ್ತೋ, ಕಿವಿ ಇಟ್ಟು ಕೇಳಲಿಲ್ಲ. ಕಾಲು ಬಾತಾಗಲೂ ಹೇಳಿಕಳಿಸಲಿಲ್ಲ, ಎಪ್ಪತ್ತಿದೆಯಲ್ಲ ಎಂದು. ನೀವು ಎದೆಗೆ ಕಿವಿ ಇಟ್ಟು ಬಡಿತಕ್ಕೊಮ್ಮೆ ಬೆರಳು ತಟ್ಟಿ ಅತ್ತೆ, ನಾನು ಎಣಿಸ್ತೀನಿ ಅನ್ನಬಹುದಿತ್ತು. ಅದು ಹೊಳೆದದ್ದು ನಿನ್ನೆ, ಮಾವನ ಉಸಿರು ನಿಂತ ಮೇಲೆ.

*

ಬಿದಿರು ಕಡಿಯುವ ಸದ್ದು ನಿಂತಿತು. ಕಾಡಿನಿಂದ ಮೊನ್ನೆಯಷ್ಟೇ ಮರಳಿದ್ದ ಚಿಕ್ಕಮಾದು ತುಳಸಿ ನೀರಿನ ತಂಬಿಗೆ ಹಿಡಿದು ಒಳಗೆ ಬಂದ.

"ತಡಿಯೋ ಮಗ," ಎಂದಳು ಕೆಂಪಾಜಮ್ಮ. "ಮೊದಲ್ನೇ ನೀರು ನಿನ್ ಎಂಡ್ರು ಬುಡ್ಲಿ. ಇಷ್ಟು ದಿನ ಉಳಿಸ್ಕಂಡೋಳು ಅವಳೇ."

"ಊಂ ಕಣವ್ವ. ನನ್ ಸೊಸೆ ಒಬ್ಳವ್ಳೆ, ನಾನು ಕೆಮ್ಮಿದ್ರೆ ಬಾಗ್ಲು ಮುಚ್ಕತಾಳೆ," ಎಂದಳು ಮಲ್ಲಾಜಮ್ಮ.

ತಂಬಿಗೆ ಚಿಕ್ಕಬೀರಮ್ಮನ ಕೈಗೆ ಬಂತು.

"ಅತ್ತೆ, ನಾನು ಎಣಿಸಿದ್ದು ಕೈಯಲ್ಲಿ..."

ಚಟ್ಟವನ್ನು ಅಂಗಳಕ್ಕೆ ಎಳೆದು ತರುವ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಕೆಂಪಾಜಮ್ಮ ಗಂಡನ ಗಲ್ಲ ಹಿಡಿದು, ತುಟಿ ಬಿಡಿಸಿ ಕಾಯುತ್ತಿದ್ದಳು. ಎಲ್ಲರೂ ಸೊಸೆಯ ಕೈಯನ್ನೇ ನೋಡುತ್ತಿದ್ದರು.

"ಈ ನೀರು ನೀವೇ ಬುಡಿ, ಅತ್ತೆ," ಎಂದಳು.

ಸಂಕೋಚಕ್ಕೆ ಹಾಗೆನ್ನುತ್ತಾಳೆ ಎಂದುಕೊಂಡು ಯಾರೂ ತಂಬಿಗೆಗೆ ಕೈ ಚಾಚಲಿಲ್ಲ.