ಬಾಲ್ಕನಿ ಕಂಬಿಯ ತಂತಿ

"ಮೊಳದುದ್ದದ ಆಂಟೆನಾ ಸಾಕು, ಅರ್ಥಿಂಗ್ ಬೇಡವೇ ಬೇಡ" ಎಂದು ತೊಕುನಾಗ ಒಸಾಕಾದ ಹವ್ಯಾಸಿ (ಹ್ಯಾಮ್) ರೇಡಿಯೊ ಸಂಘದ ಪತ್ರಿಕೆಯಲ್ಲಿ ಜಂಬದಿಂದ ಬರೆದಿದ್ದ. ಅದನ್ನು ನಂಬಿ, ಅವನಿಗೆ ಮೋರ್ಸ್ ಸಂಕೇತ ಕುಟ್ಟಲು ಕಲಿಸಿದ ಮೇಷ್ಟ್ರು ನಿಶಿವಾಕಿ ತಮ್ಮ ಮಾಳಿಗೆಯ ಉದ್ದನೆಯ ತಂತಿ ಕಿತ್ತೊಗೆದು ಪುಟ್ಟ ಆಂಟೆನಾ ಕಟ್ಟಿಕೊಂಡರು. ಅಂದಿನಿಂದ ಅವರ ರೇಡಿಯೊ ಕರೆ ಯಾರಿಗೂ ಕೇಳಲಿಲ್ಲ.

ಇಂದು ಬಾಲ್ಕನಿಯ ಕಂಬಿಗೆ ಬಣ್ಣ ಬಳಿಯಲೆಂದು ತೊಕುನಾಗ ತನ್ನ ರೇಡಿಯೊದಿಂದ ಅದಕ್ಕೆ ಬಿಗಿದಿದ್ದ ತಂತಿ ಬಿಚ್ಚಿದ. ಸಿಡಿಲಿನ ಭಯಕ್ಕೆ ಕಟ್ಟಿ, ಲೇಖನದಲ್ಲಿ ಬರೆಯದೆ ಬಿಟ್ಟಿದ್ದ ತಂತಿ. ಬಿಚ್ಚಿದ್ದೇ ತಡ, ಬ್ರೆಜಿಲ್ ತನಕ ಮುಟ್ಟುತ್ತಿದ್ದ ಅವನ ಕರೆ ಪಕ್ಕದೂರಿಗೂ ಮುಟ್ಟಲಿಲ್ಲ. ಇಷ್ಟು ದಿನ ಕೂಗುತ್ತಿದ್ದದ್ದು ಆ ಕಂಬಿಯೇ ಹೊರತು ಆಂಟೆನಾ ಅಲ್ಲ!

ಕೂಡಲೇ ಮೇಷ್ಟ್ರಿಗೆ ಫೋನ್ ಮಾಡಿ, "ಮೇಷ್ಟ್ರೇ, ಆ ಆಂಟೆನಾ..." ಎಂದು ಶುರುಮಾಡಿದ.

"ನಿನ್ನ ಆಂಟೆನಾದ್ದೇನೂ ತಪ್ಪಿಲ್ಲ ಕಣಯ್ಯ, ನನ್ನ ಕೈಗೇ ವಯಸ್ಸಾಯ್ತು," ಎಂದು ನಿಶಿವಾಕಿ ನಕ್ಕರು. "ನಿನ್ನೆ ರೇಡಿಯೊ ಲೈಸೆನ್ಸ್ ವಾಪಸ್ ಕೊಟ್ಬಿಟ್ಟೆ."

ತಂತಿಯ ವಿಷಯ ಹೇಳಲೆಂದೇ ಫೋನ್ ಮಾಡಿದ್ದ ತೊಕುನಾಗನ ಹಾಳು ಬಾಯಿ ಹೇಳಿದ್ದು ಇಷ್ಟೇ: "ಒಳ್ಳೇದಾಯ್ತು ಬಿಡಿ ಮೇಷ್ಟ್ರೇ, ಇನ್ನು ಆರಾಮಾಗಿರಿ."